ನಾಲ್ಕು ನಾಳೆಗಳಲ್ಲೂ ನೀಲಿ

ಸುಳ್ಳು ಹೇಳಿದವಳು ನಾನು. ಅದನ್ನು ಮೊದಲೇ ಹೇಳಿಬಿಡುತ್ತೇನೆ. ಆಮೇಲೆ ಬೇರೆಯವರ ತಪ್ಪು ಎತ್ತಿ ಆಡುವಾಗ ನನ್ನ ನಾಲಿಗೆ ತಡವರಿಸಬಾರದು.

ಹವಾಮಾನ ಸಂಶೋಧನಾ ಕೇಂದ್ರದಲ್ಲಿ ನಾನು ನೆಲ ಒರೆಸುತ್ತಿದ್ದವಳು. ಹದಿನಾಲ್ಕು ವರ್ಷ ಒರೆಸಿದೆ. ಮೂರು ಮಹಡಿ, ಒಂಬತ್ತು ಪಾಯಿಖಾನೆ, ಒಂದು ದೊಡ್ಡ ಸಭಾಂಗಣ. ಬೆಳಿಗ್ಗೆ ಆರಕ್ಕೆ ಬಕೆಟ್ ಹಿಡಿದರೆ ಮಧ್ಯಾಹ್ನದ ಹೊತ್ತಿಗೆ ಬೆನ್ನು ನೆಟ್ಟಗಾಗುತ್ತಿರಲಿಲ್ಲ. ಆಸಿಡ್ಡಿನ ಹೊಗೆಗೆ ಬಲಗಣ್ಣು ಸದಾ ಒಸರುತ್ತದೆ. ಬೆರಳ ಸಂದುಗಳು ಬಿರಿದಿವೆ. ನೀರು ತಾಗಿದರೆ ಉರಿಯುತ್ತವೆ. ನೀರು ತಾಗದ ಕೆಲಸ ನನಗೆ ಯಾವತ್ತೂ ಸಿಕ್ಕಿಲ್ಲ.

ಮನೆಗೆ ಹೋದರೆ ಅಲ್ಲೂ ನೀರೇ. ಊರಿನ ಕೊಳೆಯನ್ನೆಲ್ಲ ಸಮುದ್ರಕ್ಕೆ ಒಯ್ಯುವ ದೊಡ್ಡ ಕಾಲುವೆಯ ಪಕ್ಕ ನಮ್ಮ ಕೇರಿ, ಎರಡು ಸಾಲಿನಲ್ಲಿ ಎಪ್ಪತ್ತು ಮನೆ. ಕೆಳಗಿನ ಸಾಲು ಕಾಲುವೆಯ ದಂಡೆಗೆ ಅಂಟಿಕೊಂಡಿದೆ. ಹನ್ನೊಂದು ಮೆಟ್ಟಿಲು ಹತ್ತಿದರೆ ಮೇಲಿನ ಸಾಲು. ಅದರ ಹಿಂದೆ ಒಂದು ಬಯಲು. ಅತ್ತೆ ಮನೆ ಪಾಲು ಮಾಡುವಾಗ ದೊಡ್ಡ ಮಗನಿಗೆ ಕೆಳಗಿನದು ಕೊಟ್ಟಳು, ಚಿಕ್ಕ ಮಗನಿಗೆ ಮೇಲಿನದು. ದೊಡ್ಡ ಮಗನ ಹೆಂಡತಿ ನಾನು. ಚಿಕ್ಕ ಮಗನ ಹೆಂಡತಿ, ನನ್ನ ಓರಗಿತ್ತಿಯನ್ನು, ಇಡೀ ಕೇರಿ ಚಿಕ್ಕವಳು ಎಂದೇ ಕರೆಯುತ್ತದೆ.

ಪ್ರತಿ ಮಳೆಗಾಲ ನನ್ನ ಮನೆಗೆ ಕಾಲುವೆ ನುಗ್ಗುತ್ತದೆ. ಟ್ರಂಕು, ಪಾತ್ರೆ, ಹಾಸಿಗೆ ಹೊತ್ತು ಹನ್ನೊಂದು ಮೆಟ್ಟಿಲು ಹತ್ತಿ ಚಿಕ್ಕವಳ ಬಾಗಿಲು ತಟ್ಟುತ್ತಿದ್ದೆ. ಅವಳು ಒಂದು ದಿನವೂ ಮುಖ ಸಿಂಡರಿಸಿದವಳಲ್ಲ. “ಬನ್ನಿ ಅಕ್ಕ, ಒಳಗೆ ಬನ್ನಿ” ಅನ್ನುತ್ತಿದ್ದಳು. ಒಣಗಿದ ಟವೆಲ್ ಕೊಡುತ್ತಿದ್ದಳು. ಆ ಒಣ ಟವೆಲ್ ಕೈಗೆ ಬಂದಾಗ ನನ್ನ ಹೊಟ್ಟೆಯೊಳಗೆ ಯಾರೋ ಬೆಂಕಿಕಡ್ಡಿ ಗೀರಿದಂತಾಗುತ್ತಿತ್ತು. ಒಂದು ಸಲವಾದರೂ ಬೈದಿದ್ದರೆ ಇಷ್ಟು ಉರಿಯುತ್ತಿರಲಿಲ್ಲವೇನೋ.

ಅವಳು ಹತ್ತನೇ ತರಗತಿ ಓದಿದವಳು. ನಾನು ನಾಲ್ಕು. ಅವಳು ಮನೆಯಲ್ಲೇ ಮಿಷನ್ ಇಟ್ಟುಕೊಂಡು ಶಾಲೆ ಮಕ್ಕಳ ಯೂನಿಫಾರಂ ಹೊಲಿಯುತ್ತಾಳೆ. ಕೂತು ಮಾಡುವ ಕೆಲಸ. ಅವಳ ಅಂಗೈ ನೋಡಿದ್ದೇನೆ. ಮಗುವಿನ ಅಂಗೈ ಇದ್ದ ಹಾಗಿದೆ.

ಆ ವರ್ಷ ಕೇಂದ್ರದಲ್ಲಿ ಮುಂದಿನ ಮೂವತ್ತು ವರ್ಷದ ಲೆಕ್ಕ ಶುರುವಾಯಿತು. ಅದರ ಮುಖ್ಯಸ್ಥೆ ಒಬ್ಬ ಮೇಡಂ. ಗೋಡೆ ತುಂಬ ನಕ್ಷೆ ಅಂಟಿಸುತ್ತಿದ್ದುದರಿಂದ ನಾವು ಕೆಲಸದವರು ಅವರಿಗೆ ನಕ್ಷೆ ಮೇಡಂ ಎಂದು ಹೆಸರಿಟ್ಟಿದ್ದೆವು. ಒಳ್ಳೆಯವರು. ಕಂಡಾಗಲೆಲ್ಲ “ಚೆನ್ನಾಗಿದೀರಾ?” ಎಂದು ಕೇಳುತ್ತಿದ್ದರು, ಉತ್ತರ ಬರುವಷ್ಟರಲ್ಲಿ ಮುಂದೆ ಹೋಗಿರುತ್ತಿದ್ದರು. ನಾನು ಎಲ್ಲಿಂದ ಬರುತ್ತೇನೆ ಎಂದು ಕೇಳಿದವರಲ್ಲ.

ಒಂದು ಬುಧವಾರ ಅವರು ನಮ್ಮ ಕೇರಿಗೇ ಹೋದರು. ನೀರಿನ ಜೊತೆ ಬದುಕುವ ಒಬ್ಬ ಹೆಂಗಸು ಬೇಕು, ಸಭೆಯಲ್ಲಿ ಕೂತು ಮಾತಾಡಬೇಕು ಎಂದು ಮನೆಮನೆಗೆ ಕೇಳಿದರಂತೆ. ನನ್ನ ಮನೆಗೆ ಬೀಗ ಹಾಕಿತ್ತು. ಆ ಹೊತ್ತಿಗೆ ನಾನು ಎರಡನೇ ಮಹಡಿಯಲ್ಲಿ ಅದೇ ಮೇಡಂ ಬಳಸುವ ಪಾಯಿಖಾನೆ ಉಜ್ಜುತ್ತಿದ್ದೆ. ಮೇಲಿನ ಸಾಲಿನಲ್ಲಿ ಚಿಕ್ಕವಳು ಮಿಷನ್ ತುಳಿಯುತ್ತಿದ್ದಳು. ಬಾಗಿಲು ತೆರೆದಿತ್ತು. ಆಯ್ಕೆ ಆದದ್ದು ಹಾಗೆ.

ಮರುದಿನ ಸಭಾಂಗಣಕ್ಕೆ ನೀರಿನ ಲೋಟದ ಟ್ರೇ ಹಿಡಿದು ಹೋದಾಗಲೇ ನನಗೆ ಗೊತ್ತಾದದ್ದು. ಕುರ್ಚಿಗಳನ್ನು ಗುಂಡಗೆ ಜೋಡಿಸಿದ್ದವಳು ನಾನೇ. ಅದರಲ್ಲೊಂದರಲ್ಲಿ ಚಿಕ್ಕವಳು ಕೂತಿದ್ದಳು. ಕೊರಳಲ್ಲಿ ಹಸಿರು ದಾರದ ಕಾರ್ಡು, ನಿವಾಸಿ ಪ್ರತಿನಿಧಿ ಎಂದು ಬರೆದದ್ದು. ನನ್ನನ್ನು ನೋಡಿ ಅರ್ಧ ಎದ್ದಳು.

“ಅಕ್ಕ…”

ಬಾಗಿಲಲ್ಲಿ ಸೂಪರ್‌ವೈಸರ್ ನನ್ನತ್ತ ಕಣ್ಣು ಕೆಕ್ಕರಿಸಿದ. ಅತಿಥಿಗಳ ಜೊತೆ ಕೆಲಸದವರು ಮಾತಾಡಬಾರದು ಎಂಬುದು ಅಲ್ಲಿಯ ನಿಯಮ. ನಾನು ತಲೆ ತಗ್ಗಿಸಿ ಲೋಟ ಮುಂದಿಟ್ಟೆ. ಅವಳು ಲೋಟ ನೋಡಿದಳು, ನನ್ನ ಕೈ ನೋಡಿದಳು, ಮತ್ತೆ ಕೂತಳು. ನನ್ನ ಓರಗಿತ್ತಿ ನನ್ನ ಕೈಯಿಂದ ನೀರು ಇಸಿದುಕೊಂಡು ಅತಿಥಿಯ ಹಾಗೆ ಕುಡಿದಳು.

ಬಾಗಿಲ ಪಕ್ಕ ನಿಂತು ಕೇಳಿಸಿಕೊಂಡೆ. ಮೇಡಂ ಹೇಳುತ್ತಿದ್ದರು:

“ನಾವು ಭವಿಷ್ಯ ಹೇಳೋರಲ್ಲ. ಮಳೆ ತುಂಬ ಜಾಸ್ತಿ ಆದ್ರೆ ಏನು, ಸ್ವಲ್ಪ ಜಾಸ್ತಿ ಆದ್ರೆ ಏನು? ಸರಕಾರ ಕೆಲಸ ಮಾಡಿದ್ರೆ ಏನು, ಮಾಡದಿದ್ರೆ ಏನು? ಹೀಗೆ ನಾಲ್ಕು ನಾಳೆಗಳ ಚಿತ್ರ ಬರೀತೀವಿ. ಆ ನಾಲ್ಕನ್ನೂ ನೋಡಿ ಸರಕಾರ ಇವತ್ತು ಏನು ಮಾಡಬೇಕು ಅಂತ ತೀರ್ಮಾನ ಮಾಡುತ್ತೆ. ಅದಕ್ಕೆ ನಿಮ್ಮಂಥವರ ಅನುಭವ ಬೇಕು.”

ನಿಮ್ಮಂಥವರ ಎನ್ನುವಾಗ ಚಿಕ್ಕವಳ ಕಡೆ ಕೈ ತೋರಿಸಿದರು. ಆಮೇಲೆ ಕೇಳಿದರು, “ಆ ದೊಡ್ಡ ನೆರೆ ಬಂದಾಗ ನಿಮ್ಮಲ್ಲಿ ನೀರು ಎಲ್ಲಿ ತನಕ ಬಂದಿತ್ತು?”

“ನಾನು ಆಗ ಮದುವೆ ಆಗಿ ಬಂದಿರಲಿಲ್ಲ ಮೇಡಂ. ಮನೇಲಿ ಕೇಳಿ ಹೇಳ್ತೀನಿ.”

ಮನೇಲಿ ಕೇಳಿ. ಆ ಮನೆ ನಾನು. ಟ್ರೇ ಹಿಡಿದು ನಾಲ್ಕು ಮಾರು ದೂರದಲ್ಲಿ ನಿಂತಿದ್ದೆ.

ಸಂಜೆ ಅವಳು ಕೆಳಗಿಳಿದು ಬಂದಳು. ಒಂದು ಸಣ್ಣ ಪುಸ್ತಕ, ಪೆನ್ನು ಹಿಡಿದಿದ್ದಳು. ನಾನು ಕಾಲಿಗೆ ಎಣ್ಣೆ ತಿಕ್ಕುತ್ತ ಹೊಸ್ತಿಲಲ್ಲಿ ಕೂತಿದ್ದೆ.

“ಅಕ್ಕ, ಅಲ್ಲಿ ನಾನು ಮಾತಾಡ್ಸಲಿಲ್ಲ ಅಂತ ಬೇಜಾರು ಮಾಡ್ಕೋಬೇಡಿ. ನನಗೆ ಏನೂ ತೋಚಲಿಲ್ಲ.”

“ನೀನೇನು ಮಾಡ್ತೀಯ ಬಿಡು. ದೊಡ್ಡವರ ಮಧ್ಯ ಕೂತವಳು.”

“ಹಾಗನ್ಬೇಡಿ ಅಕ್ಕ. ಆ ದೊಡ್ಡ ನೆರೆಯಲ್ಲಿ ನೀರು ಎಲ್ಲಿ ತನಕ ಬಂತು? ಇವರನ್ನ ಕೇಳಿದ್ರೆ ನಾನು ಬೇರೆ ಊರಲ್ಲಿ ದುಡೀತಿದ್ದೆ ಅಂತಾರೆ.”

ನೀರು ಎಲ್ಲಿ ತನಕ ಬಂದಿತ್ತು ಎಂದು ನನ್ನಷ್ಟು ಚೆನ್ನಾಗಿ ಯಾರಿಗೂ ಗೊತ್ತಿಲ್ಲ. ನನ್ನ ಮಗಳಿಗೆ ಆಗ ಎಂಟು ತಿಂಗಳು. ಅವಳನ್ನು ಸೊಂಟಕ್ಕೆ ಕಟ್ಟಿಕೊಂಡು ಐದನೇ ಮೆಟ್ಟಿಲ ಮೇಲೆ ನಿಂತಿದ್ದೆ. ನೀರು ನಾಲ್ಕನೇ ಮೆಟ್ಟಿಲು ಮುಟ್ಟಿತು. ಅಲ್ಲೇ ನಿಂತಿತು. ಎರಡು ದಿನ ನಿಂತಿತು. ಮೇಲಿನ ಸಾಲಿನ ಒಂದು ಹೊಸ್ತಿಲೂ ಒದ್ದೆಯಾಗಲಿಲ್ಲ.

ಅವಳು ಪೆನ್ನಿನ ಮುಚ್ಚಳ ತೆಗೆದು ಕಾಯುತ್ತಿದ್ದಳು. ನನ್ನ ಮಾತನ್ನು ಬರೆದುಕೊಳ್ಳಲು ಜೀವಮಾನದಲ್ಲಿ ಯಾರಾದರೂ ಪೆನ್ನು ತೆರೆದದ್ದು ಅದೇ ಮೊದಲು. ಬರೆದುಕೊಂಡು ಹೋಗಿ ತನ್ನ ಮಾತೆಂದು ಹೇಳುತ್ತಾಳೆ. ಅವಳಿಗೆ ತಲೆದೂಗುತ್ತಾರೆ.

“ನಿನ್ನ ಮನೆ ಕಿಟಕಿ ತನಕ” ಎಂದೆ.

“ನಮ್ಮನೆ ಕಿಟಕಿ? ಮೇಲಿನ ಸಾಲಿಗಾ?”

“ಹೂಂ ಮತ್ತೆ. ಕಿಟಕಿ ಸರಳಿಗೆ ಯಾರದೋ ಸೀರೆ ಸಿಕ್ಕಿಹಾಕ್ಕೊಂಡು ಎರಡು ದಿನ ಪಟಪಟ ಅಂತಿತ್ತು. ನಾನೇ ನೋಡಿದೀನಿ.”

ಸೀರೆ ಎಲ್ಲಿಂದ ಬಂತೋ ನನಗೇ ಗೊತ್ತಿಲ್ಲ. ಸುಳ್ಳಿಗೆ ಒಂದು ಬಟ್ಟೆ ಉಡಿಸಿದೆ ಅಷ್ಟೆ. ಅವಳ ಮನೆಯೂ ಒಮ್ಮೆ ಮುಳುಗಿತ್ತು ಎಂದುಕೊಂಡರೆ ನನಗೆ ತಂಪಾಗುತ್ತಿತ್ತು. ಇನ್ನೊಂದು ಆಸೆಯೂ ಇತ್ತು. ಅಷ್ಟು ಓದಿದವರು ಪತ್ತೆ ಹಚ್ಚುತ್ತಾರೆ, ಅವಳ ಮುಖಕ್ಕೆ ನಗುತ್ತಾರೆ, ಕಾರ್ಡು ಕಿತ್ತುಕೊಂಡು ಕಳಿಸುತ್ತಾರೆ.

ಯಾರೂ ನಗಲಿಲ್ಲ. ಮರುದಿನ ಸಭಾಂಗಣದ ಹೊರಗೆ ಒರೆಸುತ್ತಿದ್ದ ಜಾಗವನ್ನೇ ಮೂರು ಸಲ ಒರೆಸುತ್ತ ಕೇಳಿದೆ. ಚಿಕ್ಕವಳು ಕಿಟಕಿ ಹೇಳಿದಳು, ಸೀರೆ ಹೇಳಿದಳು. ಪಟಪಟ ಎಂದಾಗ ಇಡೀ ಸಭೆ ಉಸಿರೆಳೆದುಕೊಂಡಿತು. “ಇಂಥ ಮಾಹಿತಿ ಯಾವ ಯಂತ್ರವೂ ಕೊಡೋಲ್ಲ” ಎಂದರು ಮೇಡಂ. ಚಪ್ಪಾಳೆ ಬಿತ್ತು. ನನ್ನ ಸುಳ್ಳಿಗೂ ಹೊಗಳಿಕೆ ಅವಳಿಗೇ ಸಿಕ್ಕಿತು. ಆ ದಿನ ಮಾಪಿನ ಬಟ್ಟೆ ಎಷ್ಟು ಗಟ್ಟಿಯಾಗಿ ಹಿಂಡಿದೆನೆಂದರೆ ಬೆರಳ ಸಂದಿನಿಂದ ರಕ್ತ ಬಂತು.

ಮೂರು ವಾರ ಕಳೆಯಿತು. ಒಂದು ಬೆಳಿಗ್ಗೆ ನಕ್ಷೆ ಕೋಣೆಯ ಕಸದ ಬುಟ್ಟಿ ತುಂಬಿ ಹೊರಚೆಲ್ಲಿತ್ತು. ಹಳೇ ಹಾಳೆಗಳು. ಗೋಡೆಯ ಮೇಲೆ ಹೊಸ ನಾಲ್ಕು ಹಾಳೆ ಅಂಟಿಸಿದ್ದರು. ಬುಟ್ಟಿಯ ಹಾಳೆ ಬಿಡಿಸಿದೆ. ನಾಲ್ಕನೇ ತರಗತಿಯ ಓದಿನಲ್ಲಿ ಒಂದೊಂದೇ ಅಕ್ಷರ ಜೋಡಿಸಿದೆ. ನಮ್ಮ ಕಾಲುವೆ ಗುರುತು ಸಿಕ್ಕಿತು. ನಮ್ಮ ಎರಡು ಸಾಲು ಸಿಕ್ಕವು. ಹಳೇ ಹಾಳೆಗಳಲ್ಲಿ ಕೆಳಗಿನ ಸಾಲು ನೀಲಿ, ಅಂದರೆ ಮುಳುಗುವ ಜಾಗ. ಮೇಲಿನ ಸಾಲು ಬಿಳಿ. ಅದರ ಹಿಂದಿನ ಬಯಲಿನಲ್ಲಿ ಪುಟ್ಟ ಪುಟ್ಟ ಚೌಕ. ಪಕ್ಕದಲ್ಲಿ ಬರೆದಿತ್ತು: ಕೆಳಗಿನ ಸಾಲಿನವರಿಗೆ ಮನೆ.

ನನಗೆ. ಅವಳ ಮನೆಗಿಂತಲೂ ಎತ್ತರದ ಜಾಗದಲ್ಲಿ.

ಗೋಡೆ ನೋಡಿದೆ. ಹೊಸ ಹಾಳೆಗಳಲ್ಲಿ ಎರಡೂ ಸಾಲು ನೀಲಿ. ಒಂದರಲ್ಲಲ್ಲ, ನಾಲ್ಕು ನಾಳೆಗಳಲ್ಲೂ. ಪಕ್ಕದಲ್ಲಿ ಒಂದೇ ಪದ: ತೆರವು. ಊರಾಚೆ ಎಲ್ಲೋ, ಬಸ್ಸಿನಲ್ಲಿ ಎರಡು ಗಂಟೆಯ ದೂರದಲ್ಲಿ ಒಂದು ಚುಕ್ಕೆ. ನಾವು ಅಲ್ಲಿಗೆ. ಬಯಲಿನ ಚೌಕಗಳು ಮಾಯವಾಗಿದ್ದವು. ಆ ಜಾಗಕ್ಕೆ ಕಿತ್ತಳೆ ಬಣ್ಣ ಬಳಿದು ಕೇಂದ್ರದ ಹೊಸ ಕಟ್ಟಡ ಎಂದು ಬರೆದಿದ್ದರು.

ಮತ್ತೆ ಮತ್ತೆ ಓದಿದೆ. ನಮ್ಮ ಮನೆ ಮುಳುಗಿಸುವ ನೀರು ಅವರ ಕಟ್ಟಡದ ಹತ್ತಿರ ಬಂದಾಗ ಪಕ್ಕಕ್ಕೆ ಸರಿದು ಹೋಗುತ್ತಿತ್ತು.

ನನ್ನ ಬಾಯಿಂದ ಬಂದ ಒಂದು ಕಿಟಕಿ ಎಪ್ಪತ್ತು ಮನೆ ಮುಳುಗಿಸಿತ್ತು.

ಮೇಡಂ ಬಂದಾಗ ಬಾಗಿಲಿಗೆ ಅಡ್ಡ ನಿಂತೆ. ಹದಿನಾಲ್ಕು ವರ್ಷದಲ್ಲಿ ಹಾಗೆ ನಿಂತದ್ದು ಅದೇ ಮೊದಲು.

“ಮೇಡಂ, ನೀರು ಕಿಟಕಿ ತನಕ ಬಂದಿಲ್ಲ. ನಾಲ್ಕನೇ ಮೆಟ್ಟಿಲಿಗೆ ನಿಂತಿತ್ತು. ನಾನು ಕಣ್ಣಾರೆ ನೋಡಿದೀನಿ.”

“ನೀವು… ಅಲ್ಲಿಯವರಾ?”

“ಕೆಳಗಿನ ಸಾಲು. ನಿಮ್ಮ ಪ್ರತಿನಿಧಿ ನನ್ನ ಓರಗಿತ್ತಿ. ಅವಳಿಗೆ ಕಿಟಕಿ ಅಂತ ಹೇಳಿದ್ದು ನಾನೇ. ಸುಳ್ಳು ಹೇಳಿದೆ.”

ಅವರು ಚೀಲ ಕೆಳಗಿಟ್ಟರು. ಮುಖದಲ್ಲಿ ಸಿಟ್ಟಿರಲಿಲ್ಲ. ಕೆಟ್ಟುಹೋದ ನಲ್ಲಿ ನೋಡುವ ಹಾಗೆ ನೋಡಿದರು.

“ನೋಡಿ, ಅವರ ಹೇಳಿಕೆ ರೆಕಾರ್ಡ್ ಆಗಿದೆ. ಅದನ್ನ ಹಾಕಿ ಕಂಪ್ಯೂಟರ್ ಹನ್ನೆರಡು ದಿನ ಲೆಕ್ಕ ಮಾಡಿದೆ. ಈಗ ನೀವು ಬಂದು ಅಲ್ಲ ಅಂದ್ರೆ, ನಿಮ್ಮ ಮಾತಿಗೆ ಆಧಾರ ಏನು?”

“ಅವಳ ಮಾತಿಗೆ ಏನು ಆಧಾರ ಇತ್ತು ಮೇಡಂ?”

“ಅವರು ಪ್ರತಿನಿಧಿ.”

“ಅವಳು ನೀರನ್ನೇ ನೋಡಿಲ್ಲ!”

“ಅವರಿಗೆ ಸಿಕ್ಕ ಸ್ಥಾನ ನಿಮಗೆ ಸಿಗಲಿಲ್ಲ ಅಂತ…” ಮೇಡಂ ದನಿ ತಗ್ಗಿಸಿದರು. ಕರುಣೆ ಇತ್ತು ಆ ದನಿಯಲ್ಲಿ. “ಹೊಟ್ಟೆಕಿಚ್ಚು ಸಹಜ. ಆದರೆ ಅದನ್ನ ಇಲ್ಲಿ ತರಬೇಡಿ.”

ಕಪಾಳಕ್ಕೆ ಹೊಡೆದಿದ್ದರೆ ತಡೆದುಕೊಳ್ಳುತ್ತಿದ್ದೆ. ಹೊಟ್ಟೆಕಿಚ್ಚಿನಿಂದ ಸುಳ್ಳು ಹೇಳಿದಾಗ ಅದು ಅವರಿಗೆ ಮಾಹಿತಿ ಆಯಿತು. ಕಿಚ್ಚು ನುಂಗಿಕೊಂಡು ನಿಜ ಹೇಳಿದಾಗ ಅದು ಹೊಟ್ಟೆಕಿಚ್ಚಾಯಿತು.

ಅಂದು ಸಂಜೆ ಮೆಟ್ಟಿಲು ಹತ್ತಿದೆ. ಕೈಯಲ್ಲಿ ಸಾಮಾನಿರಲಿಲ್ಲ, ಆದರೂ ಏದುಸಿರು ಬಂತು. ಚಿಕ್ಕವಳು ಸಣ್ಣ ಅಂಗಿಗೆ ಕಾಲರು ಹೊಲಿಯುತ್ತಿದ್ದಳು. ನಿಂತುಕೊಂಡೇ ಎಲ್ಲ ಹೇಳಿದೆ. ಮಿಷನ್ ನಿಂತಿತು. ಸೂಜಿ ಬಟ್ಟೆಯೊಳಗೇ ಉಳಿಯಿತು.

“ಯಾಕೆ?” ಎಂದಳು.

“ನೀನು ಕೂತಿದ್ದೆ. ನಾನು ನಿಂತಿದ್ದೆ.”

“ಅಷ್ಟಕ್ಕಾ?”

“ಅಷ್ಟಕ್ಕೇ.”

ಅವಳು ಸೂಜಿ ಎತ್ತಿ ಅಂಗಿ ಬಿಡಿಸಿಕೊಂಡಳು. ಆಮೇಲೆ ನನ್ನ ಕಡೆ ನೋಡದೆ ಹೇಳಿದಳು, “ಎಷ್ಟು ಮಳೆಗಾಲ ನಿನ್ನ ಹಾಸಿಗೆ ನನ್ನ ಮನೇಲಿ ಹಾಸಿದೀನಿ. ಅದೇ ಮನೆ ಮುಳುಗಲಿ ಅಂದ್ಯಲ್ಲ. ಹೋಗು. ನನ್ನ ಕಣ್ಣೆದುರು ನಿಲ್ಲಬೇಡ.”

ಮದುವೆಯಾಗಿ ಬಂದಾಗಿನಿಂದ ನನ್ನನ್ನು ನೀವು ಎನ್ನುತ್ತಿದ್ದವಳು ಅಂದು ನೀನು ಎಂದಳು. ಬಾಗಿಲು ಹಾಕಿ ಅಗಳಿ ಜಡಿದ ಸದ್ದು ಕೇಳಿತು.

ಕೊನೆಯ ಸಭೆ ಸೋಮವಾರ. ನೀತಿ ಮಾಡುವ ಇಲಾಖೆಯ ದೊಡ್ಡ ಸಾಹೇಬರು ಬಂದಿದ್ದರು. ಗೋಡೆಯ ನಾಲ್ಕು ಹಾಳೆಗಳಿಗೆ ಗಾಜು ಹಾಕಿಸಿದ್ದರು. ಬೆಳಗಿನ ಆರರಿಂದ ಆ ಗಾಜು ಒರೆಸಿದವಳು ನಾನು. ಸಮಾರಂಭದ ಕೊನೆಗೆ ನಿವಾಸಿ ಪ್ರತಿನಿಧಿ ಎದ್ದು ಒಂದು ಕಾಗದ ಓದಬೇಕು, ಸಹಿ ಹಾಕಬೇಕು. ‘ಈ ಭವಿಷ್ಯದ ಚಿತ್ರಗಳನ್ನು ನಾವೂ ಸೇರಿ ಕಟ್ಟಿದ್ದೇವೆ.’ ಆ ಸಹಿ ಇದ್ದರೆ ತೆರವಿಗೆ ಜನರೇ ಒಪ್ಪಿದಂತೆ.

ಚಿಕ್ಕವಳು ಕಾಗದ ಹಿಡಿದು ಎದ್ದಳು. ನನ್ನ ಕಡೆ ನೋಡಲಿಲ್ಲ. ಓದಿಬಿಡುತ್ತಾಳೆ ಎಂದುಕೊಂಡೆ. ನನ್ನ ಮೇಲಿನ ಸಿಟ್ಟಿಗಾದರೂ ಓದುತ್ತಾಳೆ.

ನಾನು ಬಕೆಟ್ ಕೆಳಗಿಟ್ಟೆ. ನನ್ನದೇ ನಡುಮನೆಗೆ ಹೋದಂತೆ ಗುಂಡಗೆ ಜೋಡಿಸಿದ ಕುರ್ಚಿಗಳ ಮಧ್ಯಕ್ಕೆ ನಡೆದೆ. ಒದ್ದೆ ಕಾಲಿನ ಗುರುತುಗಳು ಬಿದ್ದವು.

“ಸ್ವಾಮಿ, ಆ ಕಿಟಕಿ ಸುಳ್ಳು. ನಾನು ಹೇಳಿದ ಸುಳ್ಳು.”

ಸೂಪರ್‌ವೈಸರ್ ಓಡಿಬಂದು ರಟ್ಟೆ ಹಿಡಿದ. “ನಡಿ ಆಚೆ. ಬುದ್ಧಿ ಕೆಟ್ಟಿದ್ಯಾ?”

“ಕೈ ಬಿಡು. ಇವತ್ತು ನಾನು ಒರೆಸಲ್ಲ. ನೀರು ನಾಲ್ಕನೇ ಮೆಟ್ಟಿಲಿಗೆ ನಿಂತಿತ್ತು. ಮೇಲಿನ ಸಾಲು ಮುಳುಗಲ್ಲ. ಬಯಲು ಮುಳುಗಲ್ಲ. ನಿಮಗೂ ಅದು ಗೊತ್ತು. ಗೊತ್ತಿಲ್ಲದಿದ್ರೆ ಅಲ್ಲಿ ನಿಮ್ಮ ಕಟ್ಟಡ ಯಾಕೆ ಕಟ್ತಿದ್ರಿ?”

ಮೇಡಂ ನಗುತ್ತ ಸಾಹೇಬರ ಕಡೆ ಬಾಗಿ, “ಕ್ಷಮಿಸಿ ಸರ್, ಇವರು ನಮ್ಮ ಪ್ರತಿನಿಧಿಯ ಓರಗಿತ್ತಿ. ಮನೆ ಜಗಳ” ಎಂದರು. ಸಾಹೇಬರು ನಕ್ಕರು. ಅವರು ನಕ್ಕರೆಂದು ಎಲ್ಲರೂ ನಕ್ಕರು. ಓರಗಿತ್ತಿಯರ ಜಗಳ ಎಂದರೆ ಯಾರಿಗೆ ನಗು ಬರುವುದಿಲ್ಲ? ಆಡಲು ಇನ್ನು ಮಾತು ಉಳಿದಿರಲಿಲ್ಲ. ಸೂಪರ್‌ವೈಸರ್ ನನ್ನನ್ನು ಬಾಗಿಲಿನ ತನಕ ಎಳೆದುಕೊಂಡು ಹೋಗಿದ್ದ.

“ಅವರನ್ನ ಬಿಡಿ.”

ಚಿಕ್ಕವಳ ದನಿ. ಅವಳು ಕಾಗದವನ್ನು ಎರಡಾಗಿ ಮಡಚುತ್ತಿದ್ದಳು.

“ಹೌದು ಸಾರ್, ಮನೆ ಜಗಳ. ಇವರು ನನ್ನ ಅಕ್ಕ. ನನಗೆ ಸುಳ್ಳು ಹೇಳಿದ್ರು. ಅದಕ್ಕೆ ಇವರ ಮುಖ ನೋಡೋಕೂ ನನಗೆ ಇಷ್ಟ ಇಲ್ಲ. ಅದು ನಮ್ಮ ಮನೇಲಿ ತೀರತ್ತೆ. ಆದ್ರೆ ನೀವು? ನೀವು ಇಷ್ಟು ಜನ ಓದಿದವರು. ನಮ್ಮ ಕೇರಿಗೆ ಹತ್ತು ನಿಮಿಷದ ದಾರಿ. ಹನ್ನೊಂದು ಮೆಟ್ಟಿಲು ಇದೆ. ಮೇಡಂ ಅದನ್ನ ಹತ್ತೇ ನನ್ನ ಮನೆಗೆ ಬಂದ್ರು. ನೀರು ಯಾವ ಮೆಟ್ಟಿಲ ತನಕ ಬಂತು ಅಂತ ಒಬ್ರಾದ್ರೂ ಅಲ್ಲಿ ನಿಂತು ಕೇಳಿದ್ರಾ? ನಮ್ಮ ಕಣ್ಣೀರು ಬರ್ಕೊಂಡ್ರಿ, ನಮ್ಮ ಮೆಟ್ಟಿಲು ಅಳೀಲಿಲ್ಲ. ಸುಳ್ಳು ನಿಮಗೆ ಅನುಕೂಲ ಆಯ್ತು, ಅದಕ್ಕೇ ನಂಬಿದ್ರಿ.”

“ಸಮಾಧಾನ ಮಾಡ್ಕೊಳ್ಳಿ. ಸಹಿ ಮಾಡಿ, ಆಮೇಲೆ ತಿದ್ದೋಣ” ಎಂದರು ಮೇಡಂ. ಅವರ ಮುಖದಲ್ಲಿ ಬಣ್ಣವಿರಲಿಲ್ಲ.

“ಮೊದಲು ತಿದ್ದಿ. ನಮ್ಮನ್ನ ಅಳಿಸಿದ ನಾಳೆಗೆ ನಾನು ಸಹಿ ಹಾಕಲ್ಲ.”

ಕೊರಳಿನ ಕಾರ್ಡು ತೆಗೆದು ಕುರ್ಚಿಯ ಮೇಲಿಟ್ಟು ನಡೆದಳು. ಯಾರೂ ನಗಲಿಲ್ಲ.

ನಾನು ಬಕೆಟ್ ಅಲ್ಲೇ ಬಿಟ್ಟು ಅವಳ ಹಿಂದೆ ಹೊರಟೆ. ರಸ್ತೆಯಲ್ಲಿ ಅವಳು ಮುಂದೆ, ನಾನು ಹತ್ತು ಹೆಜ್ಜೆ ಹಿಂದೆ. ತಿರುವಿನಲ್ಲಿ ಅವಳು ನಿಂತಳು.

“ಚೆನ್ನಾಗಿ ಮಾತಾಡಿದೆ” ಎಂದೆ.

“ನಿನ್ನನ್ನ ಕ್ಷಮಿಸಿದೀನಿ ಅಂದ್ಕೋಬೇಡ.”

“ಅಂದ್ಕೊಂಡಿಲ್ಲ.”

ಅಷ್ಟೇ. ಮತ್ತೆ ನಡೆದಳು.

ನನ್ನ ಕೆಲಸ ಅಂದೇ ಹೋಯಿತು. ಸಹಿ ಇಲ್ಲದ ಕಾಗದವನ್ನು ಸಾಹೇಬರು ಮುಟ್ಟಲಿಲ್ಲ, ವರದಿ ಮೂರು ತಿಂಗಳು ನಿಂತಿತು. ಕೇರಿಯ ಹೆಂಗಸರು ದಿನಾ ನಾಲ್ಕು ನಾಲ್ಕು ಜನ ಹೋಗಿ ಕೇಂದ್ರದ ಗೇಟಿನ ಮುಂದೆ ಕೂತರು. ಕಡೆಗೆ ಮೂರುಕಾಲಿನ ಯಂತ್ರ ಹಿಡಿದು ಇಬ್ಬರು ಅಳತೆಯವರು ಬಂದರು. ಮೇಲಿನ ಸಾಲಿನ ಮುದುಕರಿಬ್ಬರು, ನಾನು, ಮೂವರೂ ಬೇರೆಬೇರೆಯಾಗಿ ಒಂದೇ ಮೆಟ್ಟಿಲು ತೋರಿಸಿದೆವು. ಹೊಸ ಹಾಳೆಗಳಲ್ಲಿ ಮೇಲಿನ ಸಾಲು ಈಗ ಮೂರು ನಾಳೆಗಳಲ್ಲಿ ಬಿಳಿ. ಬಯಲು ಮಾತ್ರ ಇನ್ನೂ ಕಿತ್ತಳೆಯಾಗಿಯೇ ಇದೆ. ನಮ್ಮ ಚೌಕಗಳು ವಾಪಸ್ಸು ಬಂದಿಲ್ಲ. ಅದಕ್ಕೆ ಇನ್ನೂ ಕೂರುತ್ತಿದ್ದೇವೆ.

ನಾನೀಗ ಬೇರೊಂದು ಕಡೆ, ಒಂದು ಆಸ್ಪತ್ರೆಯಲ್ಲಿ ನೆಲ ಒರೆಸುತ್ತೇನೆ. ಚಿಕ್ಕವಳು ನನ್ನೊಂದಿಗೆ ಮಾತಾಡುತ್ತಾಳೆ, ಬೇಕಾದಷ್ಟು ಮಾತ್ರ. ನೀವು ಎನ್ನುವುದನ್ನು ಬಿಟ್ಟೇಬಿಟ್ಟಿದ್ದಾಳೆ. ಗೇಟಿನ ಮುಂದೆ ಕೂತ ಹೆಂಗಸರ ಬಾಯಲ್ಲಿ ಈಗ ಅವಳದೇ ಮಾತು. ನಮ್ಮನ್ನ ಅಳಿಸಿದ ನಾಳೆಗೆ ಸಹಿ ಹಾಕಲ್ಲ. ಯಾರೋ ಅದನ್ನು ರಟ್ಟಿನ ಮೇಲೆ ಬರೆದು ಕೋಲಿಗೆ ಕಟ್ಟಿದ್ದಾರೆ. ನಾನೂ ಆ ಕೋಲು ಹಿಡಿಯುತ್ತೇನೆ. ಹಿಡಿದಾಗಲೆಲ್ಲ ಒಳಗೆ ಚುರ್ ಎನ್ನುತ್ತದೆ. ಅವತ್ತು ಮೊದಲು ನಡುವಿಗೆ ಹೋಗಿ ನಿಂತವಳು ನಾನು. ನಕ್ಕದ್ದು ನನ್ನನ್ನು ನೋಡಿ. ಕೆಲಸ ಹೋದದ್ದು ನನ್ನದು. ಆ ಮಾತು ನನ್ನ ಬಾಯಿಗೆ ಯಾಕೆ ಬರಲಿಲ್ಲ? ಇದನ್ನು ಅವಳಿಗೆ ಹೇಳಿಲ್ಲ. ಹೇಳುವುದೂ ಇಲ್ಲ.

ಮುಂದಿನ ವಾರ ಸಾಹೇಬರು ಗೇಟಿನ ಹತ್ತಿರ ಬಂದು ಮಾತಾಡುತ್ತಾರಂತೆ. ಆಸ್ಪತ್ರೆಯ ವರಾಂಡ ಒರೆಸುತ್ತ ಒರೆಸುತ್ತ ನಾನು ಮಾತು ಜೋಡಿಸುತ್ತಿದ್ದೇನೆ. ಬೇಡವಾದದ್ದು ಬಿಡುತ್ತೇನೆ, ಮತ್ತೆ ಮೊದಲಿಂದ ಹೇಳಿಕೊಳ್ಳುತ್ತೇನೆ. ಈ ಸಲ ಚಿಕ್ಕವಳು ಬಾಯಿ ತೆರೆಯುವ ಮೊದಲೇ ನಾನು ಎದ್ದು ನಿಲ್ಲಬೇಕು. ಅವಳಿಗಿಂತ ಗಟ್ಟಿಯಾಗಿ ಆಡಬೇಕು.